ಸದ್ದು ಯಾರ ಖಾತೆಗೆ?

ಡಿಸೆಂಬರ್ ಕೊನೆಯ ವಾರದ ಒಂದು ಶನಿವಾರ ಬೆಳಿಗ್ಗೆ ಮೈಸೂರಿನಿಂದ ಅಮ್ಮನ ಫೋನ್ ಬಂತು. ಅಲ್ಲಿ ರಾತ್ರಿ ಒಂಬತ್ತೂವರೆ. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ನನ್ನ ಮನೆಯ ಗ್ಯಾರೇಜಿನಲ್ಲಿ, ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ ತಲೆಯ ಪಕ್ಕದಲ್ಲಿಟ್ಟುಕೊಂಡೆ.

“ಏನ್ ಮಾಡ್ತಿದೀಯೋ?”

“ಮಫ್ಲರ್ ತೆಗೀತಿದೀನಮ್ಮ.”

“ತೆಗೀಬೇಡ ಕಣೋ. ಮೊದಲೇ ನಿಂದು ಶೀತದ ಮೈ.”

ನಮ್ಮ ಮನೆಯಲ್ಲಿ ಮಫ್ಲರ್ ಎಂದರೆ ಅಪ್ಪ ಧನುರ್ಮಾಸದಲ್ಲಿ ಕಿವಿ ಮುಚ್ಚುವಂತೆ ಸುತ್ತಿಕೊಳ್ಳುತ್ತಿದ್ದ ಕಂದು ಬಣ್ಣದ ಉಣ್ಣೆಯ ಪಟ್ಟಿ. ಗಾಡಿಯ ಸದ್ದು ಅಡಗಿಸುವ ಡಬ್ಬಕ್ಕೆ ನಾವು ಸೈಲೆನ್ಸರ್ ಎನ್ನುತ್ತೇವೆ. ಅಮೆರಿಕದಲ್ಲಿ ಅದೇ ಮಫ್ಲರ್. ಇಲ್ಲಿ ಸೈಲೆನ್ಸರ್ ಎಂದರೆ ಬಂದೂಕಿನದ್ದು ಎಂದು ತಿಳಿಯುತ್ತಾರೆ. ಅಮ್ಮನಿಗೆ ಬಿಡಿಸಿ ಹೇಳಿದೆ.

“ಓ, ಸೈಲೆನ್ಸರ್ರಾ? ಯಾಕೆ, ತೂತು ಬಿದ್ದಿದ್ಯಾ?”

“ಇಲ್ಲಮ್ಮ, ಚೆನ್ನಾಗೇ ಇದೆ.”

“ಚೆನ್ನಾಗಿರೋದನ್ನ ಯಾಕೋ ತೆಗೀತೀಯ?”

ಸಿಗ್ನಲ್ ಸರಿಯಿಲ್ಲ, ಆಮೇಲೆ ಮಾಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಸಿಗ್ನಲ್ ಸರಿಯಾಗಿಯೇ ಇತ್ತು. ಉತ್ತರ ಮಾತ್ರ ನನ್ನ ಬಳಿ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಲು ಇಷ್ಟು ತಿಂಗಳಾದ ಮೇಲೆ ಈಗ ಕುಳಿತಿದ್ದೇನೆ.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು 2007ರ ಪೋರ್ಷೆ ಕೇಮನ್, ನನ್ನ ಕೈಗೆ ಬರುವ ಹೊತ್ತಿಗೆ ಎರಡು ಮನೆ ಕಂಡಿತ್ತು. ನಲವತ್ತೈದು ತುಂಬಿದ ವರ್ಷ, ಮಗಳ ಕಾಲೇಜಿನ ಹಣ ಬೇರೆ ತೆಗೆದಿಟ್ಟ ಮೇಲೆ, ಉಳಿದದ್ದರಲ್ಲಿ ಕೊಂಡದ್ದು. ಸಾಮಾನ್ಯ ಕಾರುಗಳಲ್ಲಿ ಇಂಜಿನ್ ಮುಂದೆ ಇರುತ್ತದೆ. ಇದರಲ್ಲಿ ಅದು ನಡುವೆ, ಸೀಟಿನ ಬೆನ್ನಿಗೂ ಹಿಂದಿನ ಚಕ್ರದ ಅಚ್ಚಿಗೂ ಮಧ್ಯೆ. ಭಾರವೆಲ್ಲ ನಡುವಿನಲ್ಲಿದ್ದರೆ ತಿರುವಿನಲ್ಲಿ ಗಾಡಿ ಹೇಳಿದಂತೆ ಕೇಳುತ್ತದೆ. ಆರು ಸಿಲಿಂಡರ್, ಈ ಕಡೆ ಮೂರು ಆ ಕಡೆ ಮೂರು ಮಲಗಿದಂತೆ ಜೋಡಿಸಿದ್ದು, 2.7 ಲೀಟರ್, 245 ಅಶ್ವಶಕ್ತಿ. ತಮಾಷೆಯೆಂದರೆ ಈ ಇಂಜಿನ್ ಕಣ್ಣಿಗೆ ಬೀಳುವುದೇ ಇಲ್ಲ. ಮುಂದಿನ ಮುಚ್ಚಳ ಎತ್ತಿದರೆ ಸಾಮಾನಿಡುವ ಜಾಗ, ಹಿಂದಿನದನ್ನು ಎತ್ತಿದರೂ ಸಾಮಾನಿಡುವ ಜಾಗ. ಇಂಜಿನ್ ಕಾರ್ಪೆಟ್ ಹೊದ್ದ ಮುಚ್ಚಳದ ಕೆಳಗೆ ಕುಳಿತಿರುತ್ತದೆ. ಇದ್ದಾನೆ ಎನ್ನುವುದಕ್ಕೆ ಸದ್ದೊಂದೇ ಸಾಕ್ಷಿ. ಆ ಸದ್ದನ್ನೂ ಕಂಪನಿಯವರು ಗೇರ್‌ಬಾಕ್ಸಿನ ಹಿಂದೆ ಅಡ್ಡ ಮಲಗಿಸಿದ ಒಂದು ದೊಡ್ಡ ಡಬ್ಬದಲ್ಲಿ ಹಿಡಿದಿಟ್ಟಿದ್ದರು.

ಸದ್ದಿನ ಮೇಲೆ ನನಗೆ ಇಷ್ಟು ಮೋಹ ಯಾಕೆ ಎಂದರೆ ಕುವೆಂಪುನಗರಕ್ಕೆ ಹೋಗಬೇಕು. ಅಪ್ಪ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಅವರದ್ದು ಯೆಜ್ಡಿ. ನಮ್ಮೂರಿನ ಯಾದವಗಿರಿಯ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. 1961ರಲ್ಲಿ ಜಾವಾ ಎಂದು ಶುರುವಾಗಿ, ಯೆಜ್ಡಿಯಾಗಿ, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವ ತನಕ ಮೈಸೂರಿನ ಬೀದಿಗೊಂದು ಸ್ವಂತ ಸದ್ದು ಕೊಟ್ಟ ಗಾಡಿ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಎಣ್ಣೆ ಬೆರೆಸಿದ ಪೆಟ್ರೋಲ್ ಕುಡಿಯುವ ಗಾಡಿಯಾದ್ದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟಿಕೊಳ್ಳುತ್ತಿತ್ತು. ಭಾನುವಾರ ಅಪ್ಪ ಒಳಗಿನ ಬ್ಯಾಫಲ್ ಹೊರಗೆಳೆದು, ಸೀಮೆಎಣ್ಣೆ ಸುರಿದು, ಹಿತ್ತಲಿನಲ್ಲಿ ಬೆಂಕಿ ಇಟ್ಟು ಸುಡುತ್ತಿದ್ದರು. ಬ್ಯಾಫಲ್ ಇಲ್ಲದೆ ಒಮ್ಮೆ ಸ್ಟಾರ್ಟ್ ಮಾಡಿ ತೋರಿಸಿ ಎಂದು ನಾನು ಗೋಗರೆಯುತ್ತಿದ್ದೆ. ಒಂದೇ ಒಂದು ಸಲ ಮಾಡಿದರು. ಎದುರು ಮನೆಯ ಅಜ್ಜಿ ಹೊರಬಂದು ನೋಡಿದರು. ಅಪ್ಪ ತಕ್ಷಣ ಆರಿಸಿ, “ಸಾಕು, ಅವರಿಗೆ ಹುಷಾರಿಲ್ಲ” ಎಂದರು.

ಅಪ್ಪನಿಗೆ ಎರಡನೇ ಪಾಳಿ ಇದ್ದ ದಿನ ಅಮ್ಮ ಮಲಗುತ್ತಿರಲಿಲ್ಲ. ರಾತ್ರಿ ಯೆಜ್ಡಿಯ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿದ ಕೂಡಲೇ ಎದ್ದು ಸಾರು ಬಿಸಿಗಿಡುತ್ತಿದ್ದಳು. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ ನನಗೂ ಆ ಸದ್ದು ಕೇಳಿದ ಮೇಲೆಯೇ ನಿದ್ದೆ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಬಿ.ಕಾಂ., ಆಮೇಲೆ ಸಿ.ಎ. ಮುಗಿಸಿ 2006ರಲ್ಲಿ ಅಮೆರಿಕಕ್ಕೆ ಬಂದೆ. ಮೊದಲ ಮನೆ ಜರ್ಸಿ ಸಿಟಿಯಲ್ಲಿ, ಹಲಗೆ ನೆಲದ ಹಳೆಯ ಅಪಾರ್ಟ್‌ಮೆಂಟು. ಕುಕ್ಕರ್ ಕೂಗಿದರೆ ಕೆಳಗಿನ ಮನೆಯಾತ ಪೊರಕೆಯ ಕೋಲಿನಿಂದ ತನ್ನ ಸೂರಿಗೆ, ಅಂದರೆ ನಮ್ಮ ನೆಲಕ್ಕೆ, ಕುಟ್ಟುತ್ತಿದ್ದ. ನನ್ನ ಹೆಂಡತಿ ಒಂದು ವಾರದಲ್ಲಿ ಅವನ ದಿನಚರಿ ಕಲಿತಳು. ಒಂಬತ್ತಕ್ಕೆ ಹೊರಡುತ್ತಾನೆ; ಒಂಬತ್ತೂ ಐದಕ್ಕೆ ಮೂರು ಕೂಗು ಕೂಗಿಸಿ ಬೇಳೆ ಬೇಯಿಸಿಟ್ಟರೆ ಸಂಜೆಯ ತನಕ ನಿಶ್ಚಿಂತೆ. ಅವನ ಟಿ.ವಿ. ರಾತ್ರಿ ಹನ್ನೆರಡರವರೆಗೆ ಕೇಳಿಸುತ್ತಿತ್ತು. ನಾವು ನೆಲ ಕುಟ್ಟಲಿಲ್ಲ. ವೀಸಾದ ಮೇಲೆ ಬಂದವರು, ಯಾರಾದರೂ ಏನಾದರೂ ದೂರು ಕೊಟ್ಟರೆ ಎಲ್ಲಿಗೆ ಹೋಗುತ್ತದೋ ಎನ್ನುವ ಒಂದು ಆಕಾರವಿಲ್ಲದ ಹೆದರಿಕೆ. ಬಸ್ಸಿನಲ್ಲಿ ಕನ್ನಡದಲ್ಲಿ ಫೋನ್ ಬಂದರೆ ದನಿ ತಗ್ಗಿಸಿದೆವು. ಮೀಟಿಂಗಿನಲ್ಲಿ ಅಂಕಿ ತಪ್ಪಿದ್ದು ಕಂಡರೂ ಆಮೇಲೆ ಇ-ಮೇಲಿನಲ್ಲಿ ಹೇಳೋಣ ಎಂದು ಸುಮ್ಮನಾದೆ. ಇಪ್ಪತ್ತು ವರ್ಷ ಹೀಗೆ ಸದ್ದಿಲ್ಲದೆ ಬದುಕಿದ್ದನ್ನು ನಾವು ಸಭ್ಯತೆ ಎಂದು ಕರೆದುಕೊಂಡೆವು. ಹೊರನಾಡ ಕನ್ನಡಿಗರ ಬಗ್ಗೆ ಎಲ್ಲರೂ ಆಡುವ ಹೊಗಳಿಕೆ ಇದೇ ತಾನೆ: ಯಾರ ತಂಟೆಗೂ ಹೋಗದ ಜನ.

ಆದ್ದರಿಂದ ಮಫ್ಲರ್ ಕಳಚಲು ಹೊರಟಾಗ ನನ್ನ ಕೈಯಲ್ಲಿ ಸ್ಪ್ಯಾನರ್ ಜೊತೆಗೆ ಇನ್ನೂ ಏನೋ ಇತ್ತು. ನಾನೂ ಇಲ್ಲಿದ್ದೇನೆ ಎಂದು ಒಮ್ಮೆ ಹೇಳಬೇಕಿತ್ತು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಕಾರಿನ ಹಿಂಭಾಗವನ್ನು ಜಾಕಿಯಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರುಗಳನ್ನು ಮುಟ್ಟಲಿಲ್ಲ. ಅಲ್ಲಿಂದ ಬರುವ ಎರಡು ಕೊಳವೆಗಳು ಮಫ್ಲರಿಗೆ ಸೇರುವಲ್ಲಿ ಕ್ಲ್ಯಾಂಪುಗಳಿವೆ. ಅವನ್ನು ಸಡಿಲಿಸಿ, ಡಬ್ಬವನ್ನು ಹಿಡಿದಿದ್ದ ಬ್ರಾಕೆಟಿನ ಬೋಲ್ಟು ಬಿಚ್ಚಿ, ಮೆಲ್ಲಗೆ ಅಲ್ಲಾಡಿಸುತ್ತಾ ಎದೆಯ ಮೇಲೆ ಇಳಿಸಿಕೊಂಡೆ. ಇಪ್ಪತ್ತು ಕೆ.ಜಿ.ಯ ಹತ್ತಿರ ಇತ್ತು. ಅದರ ಜಾಗಕ್ಕೆ ಒಂದು ಬರಿ ಕೊಳವೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು.

ಕಳಚಿದ ಡಬ್ಬವನ್ನು ಮೂಲೆಯಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆ. ಇಂಡಿಯಾನಾದ ಕೊಲಂಬಸ್ ಎಂಬ ಊರಿನ ರೀವ್ಸ್ ಸಹೋದರರು ಗಾಡಿಯ ಮಫ್ಲರಿಗೆ ಪೇಟೆಂಟ್ ಪಡೆದದ್ದು 1897ರಲ್ಲಿ. ಕಾರು ರಸ್ತೆಗೆ ಬಂದ ಹೊಸತರಲ್ಲೇ, ಇದರ ಬಾಯಿ ಮುಚ್ಚಬೇಕು ಎಂದು ಜನರಿಗೆ ಅನ್ನಿಸಿತ್ತು. ಅದು ಬಾಯಿ ಮುಚ್ಚುವ ಬಗೆ ವಿಚಿತ್ರ. ಸದ್ದಿಗೆ ಅಡ್ಡ ಗೋಡೆ ಹಾಕಿ ನಿಲ್ಲಿಸುವುದಿಲ್ಲ. ಹೊಗೆ ಹೊರಗೆ ಹೋಗಲೇಬೇಕಲ್ಲ. ನನ್ನ ಕಾರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 150 ಸಲ ಒತ್ತಡದ ಅಲೆ ಕೊಳವೆಗೆ ನುಗ್ಗುತ್ತದೆ. ಡಬ್ಬದೊಳಗೆ ಕೋಣೆಗಳು, ತೂತು ಕೊರೆದ ಕೊಳವೆಗಳು. ಅಲೆ ಗೋಡೆಗೆ ಬಡಿದು ಹಿಂದಿರುಗಿ, ಹಿಂದಿನಿಂದ ಬರುತ್ತಿರುವ ಅಲೆಗೆ ಎದುರಾಗುತ್ತದೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿ ಎರಡೂ ತಣ್ಣಗಾಗುತ್ತವೆ. ಅಂದರೆ ಸದ್ದು ತಾನು ಮಾಡಿದ್ದನ್ನು ತಾನೇ ಕೇಳಿಸಿಕೊಂಡು ಅಡಗುತ್ತದೆ.

ಸಂಜೆ ಕೀಲಿ ತಿರುಗಿಸಿದೆ. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು. ಬೆನ್ನ ಹಿಂದೆ ಇಷ್ಟು ದಿನ ಅವಿತಿದ್ದವನು ಎದ್ದು ನಿಂತು ಮಾತಾಡಿದಂತಾಯಿತು. ಮರುದಿನ ಬೆಳಿಗ್ಗೆ ಆರೂವರೆಗೆ ಹೊರಟು ನೈಲ್ಸ್ ಕಣಿವೆಯ ರಸ್ತೆಗೆ ಹೋದೆ. ನೈಲ್ಸ್ ನಮ್ಮ ಫ್ರೀಮಾಂಟಿನದೇ ಒಂದು ಭಾಗ. 1915ರಲ್ಲಿ ಚಾರ್ಲಿ ಚಾಪ್ಲಿನ್ ಅಲ್ಲಿನ ಎಸ್ಸನೇ ಸ್ಟುಡಿಯೋದಲ್ಲಿ ಮೂಕಿ ಚಿತ್ರಗಳನ್ನು ತೆಗೆದ. ಮಾತಿಲ್ಲದ ಚಿತ್ರಗಳ ಊರನ್ನು ಸದ್ದು ಮಾಡುತ್ತಾ ದಾಟಿ, ಹೊಳೆಯ ಪಕ್ಕದ ತಿರುವುಗಳಲ್ಲಿ ಗೇರು ಇಳಿಸಿದಾಗ ಬಂಡೆಗಳಿಂದ ಸದ್ದು ಹಿಂದಿರುಗಿ ಬಂದು ಕಿಟಕಿಯಲ್ಲಿ ತುಂಬಿಕೊಂಡಿತು. ಆ ಖುಷಿ ಕೀಳಾದದ್ದು ಎಂದು ನಾನು ಈಗಲೂ ಒಪ್ಪುವುದಿಲ್ಲ. ನಾದಸ್ವರದ ಮುಂದೆ ಕುಳಿತವನಿಗೆ ಮೈ ಜುಮ್ಮೆನ್ನುವುದಿಲ್ಲವೇ? ಹಾಗೆಯೇ ಇದೂ.

ಕಾನೂನು ಗೊತ್ತಿರಲಿಲ್ಲ ಎಂದು ಹೇಳಲಾರೆ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 27150ನೇ ಕಲಂ ಪ್ರಕಾರ ಗಾಡಿಗೆ ತಕ್ಕ ಮಫ್ಲರ್ ಇರಲೇಬೇಕು. ಮುಂದಿನ ಕಲಂ, ನನ್ನಂಥ ಕಾರಿಗೆ ಹೊಗೆ ಕೊಳವೆ ಮಾರ್ಪಾಡು ಮಾಡಿದರೆ 95 ಡೆಸಿಬೆಲ್ ಮಿತಿ ದಾಟಬಾರದು ಎನ್ನುತ್ತದೆ. ಕಂಪನಿಗಳ ಲೆಕ್ಕದಲ್ಲಿ ನಿಯಮ ಮೀರಿದ್ದನ್ನು ಹುಡುಕಿ ಗುರುತು ಹಾಕುವುದೇ ಕಸುಬಾದವನು ನಾನು. ಆದರೂ ಒಳಗೊಳಗೇ ಒಂದು ವಾದ ಕಟ್ಟಿಕೊಂಡಿದ್ದೆ. ವಾರಾಂತ್ಯ ಮಾತ್ರ ತೆಗೆಯುತ್ತೇನೆ. ಬೆಳಿಗ್ಗೆ ಹೊರಡುವಾಗ ಬೀದಿ ದಾಟುವ ತನಕ ಆಕ್ಸಲರೇಟರ್ ಒತ್ತುವುದಿಲ್ಲ. ವಾಪಸ್ ಬರುವುದು ಒಂಬತ್ತಕ್ಕೆ. ಆಗ ಎಲ್ಲರೂ ಎದ್ದಿರುತ್ತಾರೆ. ಒಟ್ಟು ಸದ್ದು ಇಪ್ಪತ್ತು ಸೆಕೆಂಡು. ಕಸದ ಲಾರಿ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

ಏಳು ವಾರ ಕಳೆದವು. ಫೆಬ್ರವರಿಯ ಒಂದು ಸಂಜೆ ಕಸದ ಡಬ್ಬ ಹೊರಗಿಡುವಾಗ ಪಕ್ಕದ ಮನೆಯಾಕೆ ಸಿಕ್ಕರು. ಫಿಲಿಪ್ಪೀನ್ಸಿನಿಂದ ಬಂದವರು, ಆಸ್ಪತ್ರೆಯಲ್ಲಿ ನರ್ಸ್, ಐವತ್ತರ ಆಸುಪಾಸು. ನಗುತ್ತಾ, ಒಂದು ಮಾತು ಕೇಳಬಹುದೇ ಎಂದರು.

“ಶನಿವಾರ, ಭಾನುವಾರ ನೀವು ಯಾವಾಗಲೂ ಒಂಬತ್ತಕ್ಕೇ ವಾಪಸ್ ಬರುತ್ತೀರಲ್ಲ? ತಡವಾಗುವ ದಿನ ಒಂದು ಮೆಸೇಜ್ ಮಾಡಲು ಆಗುತ್ತದೆಯೇ?”

ನನಗೆ ಅರ್ಥವಾಗಲಿಲ್ಲ. ಏಕೆ ಎಂದು ಕೇಳಿದೆ.

“ನನಗೆ ರಾತ್ರಿ ಪಾಳಿ. ಎಂಟಕ್ಕೆ ಮನೆಗೆ ಬರುತ್ತೇನೆ. ಮಲಗಿದ ಮೇಲೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಅದಕ್ಕೇ ನಿಮ್ಮ ಕಾರು ಬಂದ ಮೇಲೆ ಮಲಗುತ್ತೇನೆ. ಕಳೆದ ವಾರ ನೀವು ಹತ್ತೂವರೆಯಾದರೂ ಬರಲಿಲ್ಲ.”

ದೂರಿನ ದನಿ ಇರಲಿಲ್ಲ. ಬಸ್ಸಿನ ವೇಳಾಪಟ್ಟಿ ವಿಚಾರಿಸಿದಂತೆ ಕೇಳಿದರು. ಹನ್ನೆರಡು ಗಂಟೆ ರೋಗಿಗಳ ನಡುವೆ ನಿಂತು ಬಂದ ಹೆಂಗಸು, ಪರದೆ ಎಳೆದ ಕೋಣೆಯಲ್ಲಿ, ನನ್ನ ಖುಷಿ ಮುಗಿದು ಮನೆಗೆ ಬರುವುದನ್ನು ಕಾಯುತ್ತಾ ಕುಳಿತಿರುತ್ತಿದ್ದರು. ಕಳೆದ ವಾರ ನಾನು ಸುನೋಲ್‌ನಲ್ಲಿ ಗೆಳೆಯನ ಜೊತೆ ಕಾಫಿ ಕುಡಿಯುತ್ತಾ ಕುಳಿತಿದ್ದೆ.

“ಮೊದಲೇ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಮನೆಯ ಮಾಲೀಕರು. ನಾನು ಬಾಡಿಗೆಗೆ ಇರುವವಳು.”

ಕುವೆಂಪುನಗರದಲ್ಲಿ ಅಮ್ಮ ಯೆಜ್ಡಿಗಾಗಿ ಕಾದದ್ದು ನೆನಪಾಯಿತು. ಅವಳೂ ಒಂದು ಗಾಡಿಯ ಸದ್ದು ಕೇಳಿದ ಮೇಲೆಯೇ ಮಲಗುತ್ತಿದ್ದಳು. ಆದರೆ ಆ ಸದ್ದು ತನ್ನವನು ಬಂದ ಎಂಬ ಸುದ್ದಿ ತರುತ್ತಿತ್ತು. ನನ್ನ ಸದ್ದು ಈಕೆಗೆ ತರುತ್ತಿದ್ದ ಸುದ್ದಿ, ಇನ್ನು ಮಲಗಬಹುದು ಎಂಬ ಅಪ್ಪಣೆ ಮಾತ್ರ. ಆ ಅಪ್ಪಣೆ ಕೊಡುವ ಅಧಿಕಾರ ನನಗೆ ಯಾರು ಕೊಟ್ಟರು?

ಅಂದು ರಾತ್ರಿ ನನ್ನ ಕಸುಬಿನ ಭಾಷೆಯಲ್ಲೇ ಯೋಚಿಸಲು ಕುಳಿತೆ, ಬೇರೆ ಭಾಷೆ ನನಗೆ ಅಷ್ಟಾಗಿ ಬಾರದು. ಲೆಕ್ಕ ಪರಿಶೋಧಕರಿಗೆ ಒಂದು ಮಾತಿದೆ: ಮಟೀರಿಯಾಲಿಟಿ. ಚಿಲ್ಲರೆ ತಪ್ಪುಗಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಪರಿಣಾಮ ಬೀರುವಷ್ಟು ದೊಡ್ಡದನ್ನು ಮಾತ್ರ ಹಿಡಿಯಬೇಕು. ಇಪ್ಪತ್ತು ಸೆಕೆಂಡು ಎಂದು ನಾನು ಹೇಳಿಕೊಂಡದ್ದು ಇದೇ ವಾದ. ಆದರೆ ಆ ತತ್ತ್ವದ ಉಳಿದರ್ಧವನ್ನು ನಾನು ಬೇಕೆಂದೇ ಮರೆತಿದ್ದೆ. ದೊಡ್ಡದೋ ಚಿಕ್ಕದೋ ಎಂದು ಅಳೆಯುವುದು ಲೆಕ್ಕ ಬರೆದವನ ಕಣ್ಣಿನಿಂದಲ್ಲ. ಆ ಲೆಕ್ಕವನ್ನು ನೆಚ್ಚಿಕೊಂಡವನ ಕಣ್ಣಿನಿಂದ. ಬರೆಯುವವನಿಗೆ ಚಿಲ್ಲರೆಯಾದದ್ದು ನೆಚ್ಚಿದವನ ತೀರ್ಮಾನವನ್ನೇ ಬದಲಿಸುವಂತಿದ್ದರೆ ಅದು ಚಿಲ್ಲರೆಯಲ್ಲ. ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು, ಆಕೆಯ ಬೆಳಗಿನಲ್ಲಿ ಎರಡು ಗಂಟೆ. ಬೆಳಿಗ್ಗೆ ಒಂಬತ್ತು ಎಂದರೆ ಹಗಲು ಎಂದು ತೀರ್ಮಾನಿಸಿದ್ದೂ ನಾನೇ, ನನ್ನ ನಿದ್ದೆಯ ಅಳತೆಯಿಂದ.

ಅರ್ಥಶಾಸ್ತ್ರ ಓದುವಾಗ ಇದಕ್ಕೆ ಹೆಸರೇ ಕಲಿತಿದ್ದೆವು. ಲಾಭ ಒಬ್ಬನ ಪುಸ್ತಕದಲ್ಲಿ, ವೆಚ್ಚ ಇನ್ನೊಬ್ಬನ ಪುಸ್ತಕದಲ್ಲಿ. ಪಿಗೂ 1920ರಲ್ಲಿ, ಅಂಥ ವೆಚ್ಚವನ್ನು ಮಾಡಿದವನಿಂದಲೇ ತೆರಿಗೆಯಾಗಿ ವಸೂಲು ಮಾಡಬಹುದು ಎಂಬ ದಾರಿ ತೋರಿದ. 1960ರಲ್ಲಿ ರೊನಾಲ್ಡ್ ಕೋಸ್ ಬೇರೆ ಮಾತು ಹೇಳಿದ. ಅವನು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು ಸದ್ದಿನದ್ದೇ. ಲಂಡನ್ನಿನಲ್ಲಿ ಮಿಠಾಯಿ ಮಾಡುವವನೊಬ್ಬ ಎಷ್ಟೋ ವರ್ಷಗಳಿಂದ ತನ್ನ ಅಡುಗೆಮನೆಯಲ್ಲಿ ಒರಳು ಕುಟ್ಟುತ್ತಿದ್ದ. ಪಕ್ಕದ ವೈದ್ಯ ಆ ಗೋಡೆಗೆ ತಾಗಿಸಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಕುಟ್ಟುವ ಸದ್ದಿಗೆ ರೋಗಿಯ ಎದೆಬಡಿತ ಕೇಳಿಸದು. ಮೊಕದ್ದಮೆಯಾಗಿ 1879ರಲ್ಲಿ ವೈದ್ಯ ಗೆದ್ದ. ಕೋಸ್ ಹೇಳಿದ್ದು: ತೊಂದರೆ ಎರಡು ಕಡೆಯದ್ದು. ಮಿಠಾಯಿಯವನು ವೈದ್ಯನಿಗೆ ಅಡ್ಡಿಯಾದಂತೆ ವೈದ್ಯನೂ ಮಿಠಾಯಿಯವನಿಗೆ ಅಡ್ಡಿ. ಚೌಕಾಶಿಗೆ ಖರ್ಚಿಲ್ಲದಿದ್ದರೆ ಇಬ್ಬರೂ ಕುಳಿತು ಮಾತಾಡಿ, ಒಬ್ಬರಿಗೊಬ್ಬರು ಏನೋ ಕೊಟ್ಟು, ಒಳ್ಳೆಯ ಇತ್ಯರ್ಥಕ್ಕೆ ಬರುತ್ತಾರೆ.

ಪರೀಕ್ಷೆಗೆ ಓದುವಾಗ ಈ ವಾದ ಬಹಳ ಚಂದ ಕಂಡಿತ್ತು. ಈಗ ಅದರಲ್ಲಿನ ‘ಖರ್ಚಿಲ್ಲದಿದ್ದರೆ’ ಎಂಬ ಪದದ ಹತ್ತಿರ ನಿಂತುಬಿಟ್ಟೆ. ಖರ್ಚು ಎಂದರೆ ವಕೀಲರ ಫೀಸು, ಕಾಗದ ಪತ್ರ ಎಂದುಕೊಂಡಿದ್ದೆ. ಬಾಡಿಗೆಯ ಹೆಂಗಸು ಮಾಲೀಕನ ಮುಂದೆ ಬಾಯಿ ತೆರೆಯಲು ತೆರಬೇಕಾದ ಬೆಲೆಯೂ ಖರ್ಚೇ. ಏಳು ವಾರ ಆಕೆ ಆ ಬೆಲೆಯನ್ನು ನಿದ್ದೆಯಲ್ಲಿ ತೆತ್ತರು, ಕೊನೆಗೂ ಕೇಳಿದ್ದು ಸದ್ದು ನಿಲ್ಲಿಸಿ ಎಂದಲ್ಲ, ವೇಳೆ ತಿಳಿಸಿ ಎಂದು. ಜರ್ಸಿ ಸಿಟಿಯಲ್ಲಿ ನನ್ನ ಹೆಂಡತಿ ಕೆಳಗಿನ ಮನೆಯಾತನ ವೇಳೆ ನೋಡಿ ಬೇಳೆ ಬೇಯಿಸಿದ್ದು ಇದೇ ಅಲ್ಲವೇ? ನಾನು ಯಾವ ಹೆದರಿಕೆಯನ್ನು ಕಳಚಿ ಎಸೆಯಲು ಮಫ್ಲರ್ ಕಳಚಿದೆನೋ ಅದೇ ಹೆದರಿಕೆಯನ್ನು ಪಕ್ಕದ ಮನೆಗೆ ಸಾಗಿಸಿದ್ದೆ.

ನನ್ನ ಪರವಾಗಿ ಹೇಳಬಹುದಾದದ್ದೂ ಇದೆ, ಅದನ್ನು ಮುಚ್ಚಿಡಬಾರದು. ಸದ್ದು ಮಾಡದ ಸಮಾಜ ಎಲ್ಲೂ ಇಲ್ಲ. ಜುಲೈ 4ರ ಪಟಾಕಿ, ಎಲೆ ಊದುವ ಯಂತ್ರ, ಮಧ್ಯರಾತ್ರಿ ಕೂಗುವ ಗೂಡ್ಸ್ ರೈಲು, ಇವನ್ನೆಲ್ಲ ಇಲ್ಲಿ ಜನ ಸಹಿಸುತ್ತಾರೆ. ನಮ್ಮೂರಿನ ಗಣೇಶೋತ್ಸವದ ಮೈಕು ಹಾಕಿದವರನ್ನು ಕೇಳಿದರೆ ಊರಿನ ಖುಷಿ ಎನ್ನುತ್ತಾರೆ. ಹಾಗಾದರೆ ನನ್ನ ಇಪ್ಪತ್ತು ಸೆಕೆಂಡಿಗೆ ಮಾತ್ರ ಯಾಕೆ ಈ ವಿಚಾರಣೆ? ಇದಕ್ಕೆ ನನ್ನ ಉತ್ತರ ಹೀಗೆ. ರೈಲು ಕೂಗುವುದು ಹಳಿಯ ಮೇಲೆ ಇರಬಹುದಾದವನ ಜೀವಕ್ಕಾಗಿ. ಆ ಸದ್ದು ಕೇಳುವವನಿಗೆ ಸೇರಿದ್ದು. ಹಬ್ಬದ ಸದ್ದಿನಲ್ಲಿ ಹಲವರ ಪಾಲಿದೆ, ತಾರೀಖು ಮೊದಲೇ ಗೊತ್ತಿರುತ್ತದೆ, ಮುಗಿಯುವ ದಿನವೂ. ಅಲ್ಲೂ ಮಿತಿ ಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ: ಮಾತಾಡುವ ಹಕ್ಕಿನೊಳಗೆ ಒಲ್ಲದವರ ಕಿವಿಗೆ ಸದ್ದು ತುರುಕುವ ಹಕ್ಕು ಸೇರಿಲ್ಲ. ಕರ್ನಾಟಕದ ಊರುಗಳಲ್ಲಿ ಪೊಲೀಸರು ಬೈಕುಗಳಿಂದ ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವ ವಿಡಿಯೋ ನೋಡಿ ನಾನೂ ನಕ್ಕಿದ್ದೇನೆ. ಪಡ್ಡೆ ಹುಡುಗರು, ಬುದ್ಧಿಯಿಲ್ಲ ಎಂದಿದ್ದೇನೆ. ನನ್ನದರಲ್ಲಿ ಬೇರೆ ಏನಿತ್ತು? ಗಾಡಿ ದುಬಾರಿ, ತಲೆಯಲ್ಲಿ ಕೂದಲು ಕಡಿಮೆ.

ಇಷ್ಟಾದ ಮೇಲೂ ನಾನು ಹಿಂದಿನ ಮೌನಕ್ಕೆ ಮರಳಲು ಸಿದ್ಧನಿಲ್ಲ. ಮೌನದಲ್ಲಿ ಎರಡು ಬಗೆ ಇದೆ ಎಂದು ನನಗೆ ಈಗ ಅನ್ನಿಸುತ್ತದೆ. ಒಂದು, ನನಗೇನಾದರೂ ಆದೀತು ಎಂದು ಸುಮ್ಮನಿರುವುದು. ಇನ್ನೊಂದು, ಅವರಿಗೇನಾದರೂ ಆದೀತು ಎಂದು ಸುಮ್ಮನಿರುವುದು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಅಪ್ಪ ಎದುರು ಮನೆಯ ಅಜ್ಜಿಯ ಮುಖ ನೋಡಿ ಯೆಜ್ಡಿ ಆರಿಸಿದರು. ಅವರಿಗೆ ಆ ಅಜ್ಜಿಯ ಹೆದರಿಕೆ ಇರಲಿಲ್ಲ. ನಾನು ಮೀಟಿಂಗಿನಲ್ಲಿ ತಪ್ಪು ಅಂಕಿ ಕಂಡು ಸುಮ್ಮನಿದ್ದದ್ದರಿಂದ ಯಾರ ನಿದ್ದೆಯೂ ಉಳಿಯಲಿಲ್ಲ, ನನ್ನ ಅಂಜಿಕೆ ಮಾತ್ರ ಉಳಿಯಿತು. ಇಪ್ಪತ್ತು ವರ್ಷ ನಾನು ಎರಡನ್ನೂ ಒಂದೇ ಖಾತೆಯಲ್ಲಿ ಬರೆದು, ಮೇಲೆ ಸಭ್ಯತೆ ಎಂದು ಶೀರ್ಷಿಕೆ ಹಾಕಿದ್ದೆ. ಸಿಟ್ಟು ಬಂದ ದಿನ ಇಡೀ ಖಾತೆಯನ್ನೇ ಹರಿದು ಹಾಕಿದೆ. ಕಳಚಬೇಕಾದದ್ದು ಮೊದಲನೆಯದು. ಕೈಗೆ ಸಿಕ್ಕಿದ್ದು ಎರಡನೆಯದು, ಅದಕ್ಕೆ ನಟ್ಟು ಬೋಲ್ಟುಗಳಿದ್ದವು.

ಮುಂದಿನ ಶನಿವಾರ ಕಾರನ್ನು ಮತ್ತೆ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಕಳಚಿದ್ದಕ್ಕಿಂತ ಕೂರಿಸುವುದು ಕಷ್ಟವಾಯಿತು. ಹಳೆಯ ಕ್ಲ್ಯಾಂಪುಗಳು ಬರಲಿಲ್ಲ, ಹೊಸವು ತರಬೇಕಾಯಿತು. ಇಪ್ಪತ್ತು ಕೆ.ಜಿ.ಯನ್ನು ಇಳಿಸಿಕೊಳ್ಳುವಾಗ ಭೂಮಿ ಸಹಾಯ ಮಾಡಿತ್ತು, ಎತ್ತುವಾಗ ಮಗಳು ಮಾಡಿದಳು. ಕೆಳಗೆ ತೂರಿ ಒಂದು ಬದಿ ಹಿಡಿದುಕೊಂಡು, “ಮೊದಲೇ ಬೇಡ ಅನ್ನಬೇಕಿತ್ತು ನಾನು” ಎಂದಳು. ಅವಳಿಗೂ ಆ ಸದ್ದು ಇಷ್ಟವಿರಲಿಲ್ಲವಂತೆ. ಅಪ್ಪ ಇಷ್ಟು ಖುಷಿಯಾಗಿರುವುದನ್ನು ನೋಡಿ ಸುಮ್ಮನಿದ್ದಳಂತೆ. ಇದು ಯಾವ ಬಗೆಯ ಮೌನ ಎಂದು ನಾನು ಕೇಳಲಿಲ್ಲ.

ಆ ಸಂಜೆ ಹೆಂಡತಿ ಮಾಡಿದ ಕೊಬ್ಬರಿ ಮಿಠಾಯಿ ಹಿಡಿದು ಪಕ್ಕದ ಮನೆಗೆ ಹೋದೆ. ಇನ್ನು ವೇಳೆ ತಿಳಿಸುವ ಅಗತ್ಯವಿಲ್ಲ, ಮಫ್ಲರ್ ಮತ್ತೆ ಹಾಕಿದ್ದೇನೆ ಎಂದೆ. ಆಕೆ ಮುಜುಗರಪಟ್ಟು, ನಾನು ಅದನ್ನು ಕೇಳಿರಲಿಲ್ಲ ಎಂದರು. ನೀವು ಅದನ್ನೇ ಕೇಳಬಹುದಿತ್ತು, ಮುಂದೆ ಏನೇ ಇದ್ದರೂ ಕೇಳಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ನಿಂಬೆ ಗಿಡದ ಮೇಲೆ ನಿಮ್ಮ ಮರದ ಕೊಂಬೆ ಬಾಗಿದೆ” ಎಂದರು. ಇಬ್ಬರೂ ನಕ್ಕೆವು. ಮರುದಿನ ಕೊಂಬೆ ಕಡಿಸಿದೆ.

ಆಫೀಸಿನಲ್ಲಿ ಈಗ ತಪ್ಪು ಅಂಕಿ ಕಂಡರೆ ಮೀಟಿಂಗಿನಲ್ಲೇ ಹೇಳುತ್ತೇನೆ. ಎದೆ ಡವಡವ ಎನ್ನುತ್ತದೆ, ಹೇಳುತ್ತೇನೆ. ಕೇಮನ್ ಈಗಲೂ ನೈಲ್ಸ್ ಕಣಿವೆಗೆ ಹೋಗುತ್ತದೆ. ಇಂಜಿನ್ 5000 ಸುತ್ತು ದಾಟಿದಾಗ ಮಫ್ಲರಿನ ಒಳಗಿನಿಂದಲೂ ಒಂದು ನಾದ ಬರುತ್ತದೆ, ಮೊದಲು ನಾನು ಕಿವಿಗೊಟ್ಟಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ಮಫ್ಲರ್ ಹಾಕಿದೆ ಎಂದೆ.

“ಯಾವುದೋ, ಕಿವಿಗಾ, ಕಾರಿಗಾ?”

“ಕಾರಿಗೆ.”

“ಚೆನ್ನಾಗಿತ್ತು ಅಂತ ಗೊತ್ತಾಯ್ತಾ?”

“ಗೊತ್ತಾಯ್ತಮ್ಮ.”

ಒಂದು ಬಾಕಿ ಹಾಗೆಯೇ ಉಳಿದಿದೆ. ಏಳು ವಾರ, 14 ಬೆಳಗು; ಮಳೆ ಬಂದು ಕಾರು ತೆಗೆಯದ ಎರಡು ದಿನ ಕಳೆದರೆ 12. ಅದರಲ್ಲಿ ಆಕೆ ಪಾಳಿ ಮುಗಿಸಿ ಬಂದ ಬೆಳಗುಗಳು ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೋದ ನಿದ್ದೆಯನ್ನು ಯಾರೂ ವಾಪಸ್ ಕೊಡಲಾರರು. ಹಿಂದಿನ ವರ್ಷದ ಲೆಕ್ಕದಲ್ಲಿ ತಪ್ಪು ನಡೆದಿದ್ದು ಈ ವರ್ಷ ಗೊತ್ತಾದರೆ ಸುಮ್ಮನೆ ಮುಂದೆ ಹೋಗಬಾರದು, ಏನಾಯಿತು ಎಂದು ಓದುವವರಿಗೆ ಕಾಣುವಂತೆ ಬರೆಯಬೇಕು ಎಂಬುದು ನಮ್ಮ ಕಸುಬಿನ ನಿಯಮ. ಅದಕ್ಕಾಗಿ ಇದನ್ನು ಬರೆದೆ.